ಬದನೆ ಸಾಲಿನ ನಡುವಿನ ಹಸಿ ಮೆಂತೆ

ಆ ದಿನ ಮಾಡಿದ ಕೆಲಸಗಳು ಇವು. ಅಂಗಳ ಗುಡಿಸಿ ನೀರು ಹಾಕಿದೆ. ಎಮ್ಮೆ ಹಿಂಡಿದೆ. ಅತ್ತೆಯ ಲಿಂಗಪೂಜೆಗೆ ಹಿತ್ತಲದ ಕಣಗಿಲೆ ಬಿಡಿಸಿಕೊಟ್ಟೆ. ಹದಿನಾಲ್ಕು ರೊಟ್ಟಿ ಬಡಿದೆ, ಅದರಲ್ಲಿ ಎರಡು ಕರಕಾದವು. ಎರಡು ಬುಟ್ಟಿ ಬದನೆಕಾಯಿ ಆರಿಸಿ, ಹುಳುಕು ತೆಗೆದು, ಸಂತೆಗೆ ಹೋಗುವ ಗಾಡಿಗೆ ಏರಿಸಿದೆ. ಒಂದು ಚೀಲದಲ್ಲಿ ಒಂದು ಹಿಡಿ ಗೊಬ್ಬರ, ಇನ್ನೊಂದರಲ್ಲಿ ಒಂದು ಕಟ್ಟು ಮೆಂತೆ ಇಟ್ಟುಕೊಂಡು ಭೀಮರಾಯನಗುಡಿಗೆ ಹೋಗಿಬಂದೆ. ಮಗಳನ್ನು ದವಾಖಾನೆಗೆ ಕರೆದುಕೊಂಡು ಹೋದೆ. ಹಗ್ಗದ ಮೇಲಿನ ಬಟ್ಟೆ ಒಣಗಿದ್ದರೂ ಮಡಚಲಿಲ್ಲ.

ಎರಡು ರೊಟ್ಟಿ ಕರಕಾಗಲು ಹಿಂದಿನ ಸಂಜೆಯ ಊಟವೇ ಕಾರಣ. ಅದನ್ನು ಹೇಳುವ ಮೊದಲು ಗೊಬ್ಬರದ ಸಂಗತಿ ಹೇಳಬೇಕು.

ನಮ್ಮ ಹೊಲ ಶಹಾಪುರದ ಹೊರವಲಯದಲ್ಲಿದೆ. ಕಾಲುವೆ ನೀರಿನ ಎರಡು ಎಕರೆ. ಮೊದಲೆಲ್ಲ ಬೇಸಿಗೆಯಲ್ಲಿ ಕುರಿ ಕಾಯುವವರು ಬಂದು ಹೊಲದಲ್ಲಿ ಹಿಂಡು ತರುಬುತ್ತಿದ್ದರು. ನಾಲ್ಕು ರಾತ್ರಿ ಕುರಿ ಮಲಗಿದರೆ ಆ ವರ್ಷದ ಗೊಬ್ಬರದ ಚಿಂತೆ ಇರುತ್ತಿರಲಿಲ್ಲ. ಸುತ್ತ ಎಲ್ಲ ಭತ್ತ, ಹತ್ತಿ ಆದ ಮೇಲೆ ಹಿಂಡುಗಳು ಮೇವು ಹುಡುಕಿಕೊಂಡು ಬೇರೆ ದಿಕ್ಕು ಹಿಡಿದವು. ಮನೆಯ ಒಂದು ಎಮ್ಮೆಯ ಸಗಣಿ ಕುಳ್ಳಿಗೇ ಸಾಲದು.

ಊರ ಹೊರಗೆ ಹೊಸದಾಗಿ ಒಂದು ಘಟಕ ಆಗಿತ್ತು. ಮನೆಮನೆಯ ಪಾಯಿಖಾನೆ ಗುಂಡಿ ಖಾಲಿ ಮಾಡುವ ಟ್ಯಾಂಕರು ಅಲ್ಲಿ ಹೋಗಿ ಸುರಿಯುತ್ತದೆ. ನೀರು ಒಂದು ಕಡೆ ಸೋಸಿ ಹೋಗುತ್ತದೆ, ಗಟ್ಟಿ ಒಂದು ಕಡೆ ಬಿಸಿಲಿಗೆ ಒಣಗುತ್ತದೆ. ಒಣಗಿದ್ದಕ್ಕೆ ಊರಿನ ಹಸಿ ಕಸ ಬೆರೆಸಿ, ರಾಶಿ ಹಾಕಿ, ತಿರುವಿ, ಮಾಗಿಸಿ ಗೊಬ್ಬರ ಮಾಡುತ್ತಾರೆ. ಜನ ಅದಕ್ಕೆ ಟ್ಯಾಂಕರ್ ಗೊಬ್ಬರ ಅಂತಲೇ ಹೆಸರಿಟ್ಟರು.

ಮೊದಲ ಟ್ರ್ಯಾಲಿ ಹೊಲಕ್ಕೆ ಬಂದಾಗ ಅತ್ತೆ ಸೆರಗು ಮೂಗಿಗೆ ಹಿಡಿದುಕೊಂಡೇ ನಿಂತಿದ್ದರು. "ಶಿವ ಶಿವಾ, ಊರ ಮಂದಿದೆಲ್ಲಾ ತಂದು ನಮ್ಮ ಹೊಲದಾಗ ಸುರೀತೀರೇನೋ" ಅಂತ ತಮ್ಮ ಮಗನಿಗೆ ಅಂದರು.

"ಮೂಗು ಬಿಟ್ಟು ನೋಡು, ಅವ್ವ" ಅಂದರು ನಮ್ಮ ಯಜಮಾನರು.

ಅತ್ತೆ ಸೆರಗು ಸರಿಸಿದರು. ಒಂದು ಹಿಡಿ ಎತ್ತಿದರು, ಹಿಚುಕಿದರು, ಮೂಸಿದರು. ಚಹಾಪುಡಿಯ ಹಾಗೆ ಕಪ್ಪಗೆ, ಉದುರುದುರಾಗಿ ಇತ್ತು. "ಮಳಿ ಬಿದ್ದ ಮಣ್ಣಿನ ವಾಸನಿ ಬರ್ತದಲ್ಲೋ" ಅಂದರು. ಆಮೇಲೆ ಅದರ ಸುದ್ದಿ ಎತ್ತಲಿಲ್ಲ. ಮುಂಗಾರು ಶುರುವಿನ ಮಿರಗದ ಮಳೆಗೆ ಮುಂಚೆ ಹರಡಿ ಕುಂಟೆ ಹೊಡೆದೆವು. ಶ್ರಾವಣದಲ್ಲಿ ಬದನೆ ಸಸಿ ನೆಟ್ಟೆವು. ಬದನೆ ಎಂಥಾದ್ದು ಬಂತು ಅಂದರೆ, ಸಂತೆಯಲ್ಲಿ ಪಕ್ಕದಲ್ಲಿ ಕೂರುವ ಹೆಂಗಸು "ಇವೇನು ಬದನಿಕಾಯೋ, ಎಣ್ಣಿ ಹಚ್ಚಿ ತಂದೀರೋ?" ಅಂತ ಕೇಳಿದಳು.

ಗೊಬ್ಬರ ಕೊಡುವ ಮೊದಲು ಭೀಮರಾಯನಗುಡಿಯ ಕೃಷಿ ಕಾಲೇಜಿನಲ್ಲಿ ನಮ್ಮಂಥವರನ್ನು ಕೂಡಿಸಿ ಅರ್ಧ ದಿನ ತಿಳಿಸಿ ಹೇಳಿದ್ದರು. ಹೇಳಿದವರು ಅಲ್ಲಿ ಮಣ್ಣು ಪರೀಕ್ಷೆ ಮಾಡುವ ಒಬ್ಬ ಮೇಡಂ. ಕೈಗೆ ಚೀಲ ಕಟ್ಟಿಕೊಂಡು ಹರಡಿರಿ, ಕೈಕಾಲು ಸಾಬೂನು ಹಚ್ಚಿ ತೊಳೆಯಿರಿ, ಬೇಯಿಸಿ ತಿನ್ನುವ ಬೆಳೆಗೆ ಮಾತ್ರ ಹಾಕಿರಿ, ಹಸಿ ತಿನ್ನುವುದಕ್ಕೆ ಬೇಡ. ಒಬ್ಬೊಬ್ಬರನ್ನೇ ಎಬ್ಬಿಸಿ ಯಾವ ಬೆಳೆ ಅಂತ ಕೇಳಿ ಬರೆದುಕೊಂಡಿದ್ದರು. ನಾನು ಎದ್ದು ನಿಂತು "ಬದನಿ ರೀ" ಅಂದಿದ್ದೆ. ಸುಳ್ಳಲ್ಲ. ಬದನೆಕಾಯಿ ಹಸಿ ಯಾರು ತಿಂದಾರು?

ಆದರೆ ನಮ್ಮ ಕಡೆ ಹೆಣ್ಣುಮಕ್ಕಳಿಗೆ ಒಂದು ರೂಢಿ ಇದೆ. ಯಾವ ಬೆಳೆ ಇದ್ದರೂ ಸರಿ, ಸಾಲಿನ ನಡುವಿನ ಖಾಲಿ ಮಣ್ಣು ಕಂಡರೆ ಕೈ ಸುಮ್ಮನಿರುವುದಿಲ್ಲ. ಉಡಿಯಲ್ಲಿ ಒಂದು ಹಿಡಿ ಮೆಂತೆ ಕಾಳು, ಒಂದು ಹಿಡಿ ಕೊತ್ತಂಬರಿ, ಒಂದಿಷ್ಟು ಹಕ್ಕರಕಿ ಸೊಪ್ಪಿನ ಬೀಜ ಇಟ್ಟುಕೊಂಡು ನಡೆಯುತ್ತ ನಡೆಯುತ್ತ ಚೆಲ್ಲಿಬಿಡುತ್ತೇವೆ. ಅದು ಮಾರುವುದಕ್ಕಲ್ಲ. ಹೊಲದಲ್ಲಿ ಬುತ್ತಿ ಬಿಚ್ಚಿದಾಗ ಕಿತ್ತು, ಮಣ್ಣು ಝಾಡಿಸಿ, ರೊಟ್ಟಿಯೊಳಗೆ ಖಾರದ ಹಿಂಡಿಯ ಜೊತೆ ಇಟ್ಟು ಹಸಿಯಾಗಿ ಕಡಿಯುವುದಕ್ಕೆ. ಅದನ್ನು ಯಾರೂ ಬೆಳೆ ಅನ್ನುವುದಿಲ್ಲ. ಏನು ಹಾಕಿದ್ದೀರಿ ಅಂತ ಸಾಕ್ಷಾತ್ ಶಿವನೇ ಬಂದು ಕೇಳಿದರೂ ಬದನೆ ಅಂತಲೇ ಹೇಳುತ್ತೇವೆ, ಮೆಂತೆಯ ನೆನಪು ಬರುವುದಿಲ್ಲ. ದೀಪಾವಳಿಗೆ ಅತ್ತೆ ಬದನೆ ಸಾಲಿನ ಉದ್ದಕ್ಕೂ ಹೀಗೆ ಚೆಲ್ಲಿದ್ದರು. ನಾನು ಹಿಂದಿನಿಂದ ಕಾಲಲ್ಲಿ ಮಣ್ಣು ಮುಚ್ಚುತ್ತ ಹೋಗಿದ್ದೆ.

ಇನ್ನು ಹಿಂದಿನ ಸಂಜೆಯ ಊಟ.

ಮಗಳನ್ನು ಸುರಪುರಕ್ಕೆ ಕೊಟ್ಟಿದ್ದೇವೆ. ಏಳು ತಿಂಗಳ ಬಸುರಿ. ಸೀಮಂತದ ಕುಬಸ ಮುಗಿಸಿ ಬಾಣಂತನಕ್ಕೆಂದು ಕರೆದುಕೊಂಡು ಬಂದು ಹದಿನೈದು ದಿನ ಆಗಿತ್ತು. ಹೋದ ವರ್ಷ ಒಂದು ಬಸಿರು ಮೂರು ತಿಂಗಳಿಗೇ ಇಳಿದುಹೋಗಿತ್ತು. ಆಮೇಲಿಂದ ನಾವು ಆಕೆಯ ಮುಂದೆ ಮಗುವಿನ ಮಾತನ್ನು ಜೋರಾಗಿ ಆಡಿದವರಲ್ಲ. ಈ ಸಲ ಆಕೆಗೆ ಬಯಕೆ ಹುಳಿಯದ್ದಲ್ಲ, ಮಣ್ಣಿನದ್ದಲ್ಲ. ಹಸಿ ಮೆಂತೆಯದ್ದು. ಬೆಳಿಗ್ಗೆ ಒಂದು ಕಟ್ಟು, ಸಂಜೆ ಒಂದು ಕಟ್ಟು. ಅತ್ತೆ ದಿನಾ ಹೊಲದಿಂದ ತಂದು ಮೊಮ್ಮಗಳ ತಾಟಿನ ಮಗ್ಗುಲಿಗೆ ಇಡುತ್ತಿದ್ದರು.

ಆ ಸಂಜೆ ಯಜಮಾನರು ಟೊಮ್ಯಾಟೊ ಮಡಿಗೆಂದು ಎರಡನೇ ಟ್ರ್ಯಾಲಿ ಗೊತ್ತುಮಾಡಿ ಘಟಕದಿಂದ ಬಂದಿದ್ದರು. ಊಟಕ್ಕೆ ಕೂತು ನಗುತ್ತ ಹೇಳಿದರು: "ಆ ಘಟಕದ ಮನುಷ್ಯಾ ಏನೇನು ಕೇಳ್ತಾನ. ಹಸಿ ತಿನ್ನೂದು ಏನೂ ಹಾಕಿಲ್ಲಲ್ಲರಿ ಅಂದ. ಏ, ಬದನಿಕಾಯಿ ಹಸಿ ತಿನ್ನಾಕ ನಾವೇನು ಮಂಗ್ಯಾಗೋಳೇನು ಅಂದೆ."

ನಾನು ಪಲ್ಯ ಬಡಿಸುತ್ತಿದ್ದವಳು ಮಗಳ ಕಡೆ ನೋಡಿದೆ. ಆಕೆಯ ಬಾಯಿಂದ ಮೆಂತೆಯ ಎರಡು ಎಳೆ ಹೊರಗೆ ನೇತಾಡುತ್ತಿದ್ದವು.

ಕೈ ತಾನೇ ಹೋಯಿತು. ಆಕೆಯ ತಾಟಿನ ಮಗ್ಗುಲಿನ ಕಟ್ಟನ್ನು ಎತ್ತಿಕೊಂಡೆ.

"ಯವ್ವಾ, ಏನಾತು?" ಅಂದಳು ಮಗಳು.

"ಹುಳ ಅದಾವ."

"ಎಲ್ಲಿ? ತೋರ್ಸು. ಹದಿನೈದು ದಿನದಾಗ ಇಲ್ಲದ ಹುಳ ಇವತ್ತು ಎಲ್ಲಿಂದ ಬಂದಾವ?"

ಅತ್ತೆಗೆ ಸಿಟ್ಟೇ ಬಂತು. "ಏನು ಹೆಣ್ಮಗಳಿದ್ದೀಯೇ? ಬಸುರಿ ಹೆಂಗಸಿನ ತಾಟಿಗೆ ಕೈ ಹಾಕ್ತಾರೇನು? ಬಯಕಿ ತಡದ್ರ ಕೂಸಿನ ಕಿವಿ ಸೋರ್ತಾವ. ಕೊಡು ಆಕಿಗೆ."

"ನಾಳೆ ಚಲೋದು ತರ್ತೀನಿ, ಅತ್ತೀ" ಅಂದು ಕಟ್ಟನ್ನು ಒಯ್ದು ಎಮ್ಮೆಗೆ ಹಾಕಿದೆ. ಹಿಂದೆ ಅತ್ತೆ ಗೊಣಗುವುದು, ಮಗಳು ಅಜ್ಜಿಗೆ "ಬಿಡು ಆಯಿ, ಅವ್ವಗ ಇತ್ತೀಚಿಗೆ ತಲಿ ಬರೋಬ್ಬರಿ ಇಲ್ಲ" ಅನ್ನುವುದು ಕೇಳಿಸುತ್ತಿತ್ತು. ಎಮ್ಮೆ ಮಾತ್ರ ಖುಷಿಯಾಗಿ ಮೆಲ್ಲುತ್ತಿತ್ತು. ಆ ಮೆಂತೆಯನ್ನು ನಾವೆಲ್ಲರೂ ತಿಂದಿದ್ದೆವು. ನಮ್ಮ ಹೊಟ್ಟೆಯ ಯೋಚನೆ ನನಗೆ ಬರಲೇ ಇಲ್ಲ. ಬಂದದ್ದು ಆ ಏಳು ತಿಂಗಳ ಹೊಟ್ಟೆಯ ಯೋಚನೆ ಒಂದೇ.

ಬೆಳಗಾದ ಮೇಲೆ, ಅತ್ತೆ ಪೂಜೆ ಮುಗಿಸಿ ಕಟ್ಟೆಯ ಮೇಲೆ ಕೂತಾಗ, ಹತ್ತಿರ ಕೂತು ಹೇಳಿದೆ. ಬೇಯಿಸಿ ತಿನ್ನುವುದಕ್ಕೆ ಮಾತ್ರ ಅಂತ ಹೇಳಿದ್ದರು, ನಾನು ಬದನೆ ಅಂದೆ, ನಡುವಿನ ಮೆಂತೆ ಲೆಕ್ಕಕ್ಕೆ ಬರಲಿಲ್ಲ.

ಅತ್ತೆ ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ತಮ್ಮ ಎರಡೂ ಕೈ ಮುಂದೆ ಹಿಡಿದು ನೋಡಿಕೊಂಡರು. "ಬೀಜ ಚೆಲ್ಲಿದಾಕಿ ನಾನು. ಕಿತ್ತು ತಂದು ತಿನ್ನಿಸಿದಾಕಿನೂ ನಾನು" ಅಂದರು. ಚಹಾ ಕೊಟ್ಟೆ, ಕುಡಿಯಲಿಲ್ಲ. ರೊಟ್ಟಿಗೆ ಕರೆದೆ, ಬರಲಿಲ್ಲ. "ಹಕೀಕತ್ತು ತಿಳದ ಮ್ಯಾಲೆ ತಿಂತೀನಿ. ಮೊದಲು ಹೋಗಿ ಬಾ" ಅಂದರು. ಆಗಲೇ ಒಲೆಯ ಮೇಲಿನ ರೊಟ್ಟಿ ಕರಕಾದದ್ದು.

ಯಜಮಾನರಿಗೂ ಹೇಳಿ, ಅವರ ಗಾಡಿ ಹತ್ತಿ ಭೀಮರಾಯನಗುಡಿಗೆ ಹೋದೆ. ದಾರಿಯಲ್ಲಿ ಅವರು ಒಂದೇ ಮಾತು ಆಡಿದರು: "ನಾನು ನಕ್ಕಿದ್ದು ತಪ್ಪಾತು." ನಾನು ಅವರ ಬೆನ್ನಿಗೆ ಕೈ ಇಟ್ಟು ಕೂತೆ.

ಮೇಡಂ ಸಸಿಗಳ ಟ್ರೇ ಬಿಸಿಲಿಗೆ ಸರಿಸುತ್ತ ಹೊರಗೇ ಇದ್ದರು. ನನ್ನ ಗುರುತು ಹಿಡಿದರು. "ಬದನಿ ಅಲ್ಲೇನ್ರಿ ನಿಮ್ದು?" ಅಂದರು. ಆ ಮಾತಿಗೇ ನನಗೆ ಅಳು ಬಂತು. ಎರಡೂ ಚೀಲ ಅವರ ಮುಂದೆ ಇಟ್ಟು, ಮೆಂತೆಯ ಸಂಗತಿ, ಮಗಳ ಸಂಗತಿ ಎಲ್ಲ ಹೇಳಿದೆ.

ಅವರು ನನ್ನನ್ನು ಕೂಡಿಸಿ ನೀರು ಕೊಟ್ಟು ಒಂದೊಂದಾಗಿ ಕೇಳಿದರು. ಗೊಬ್ಬರ ಯಾವಾಗ ಹಾಕಿದಿರಿ? ಮಿರಗಕ್ಕಿಂತ ಮೊದಲು. ಮೆಂತೆ ಯಾವಾಗ ಚೆಲ್ಲಿದಿರಿ? ದೀಪಾವಳಿಗೆ. ನಡುವೆ ಮತ್ತೆ ಗೊಬ್ಬರ ಹಾಕಿದಿರಾ? ಇಲ್ಲ. ತಂದಾಗ ಹಸಿ ಇತ್ತಾ, ವಾಸನೆ ಇತ್ತಾ? ಇಲ್ಲ, ಚಹಾಪುಡಿ ಇದ್ದ ಹಾಗೆ ಇತ್ತು. ಮೆಂತೆ ತೊಳೆದು ಕೊಡುತ್ತಿದ್ದಿರಾ?

"ಮನ್ಯಾಗ ತಿನ್ನೂದು ಅತ್ತಿ ಎರಡು ಸಲ ತೊಳೀತಾರ್ರಿ. ಹೊಲದಾಗ ಆದ್ರ ಝಾಡಿಸಿ ತಿಂತೀವಿ."

"ಮಗಳು ಹೊಲದಾಗ ತಿಂದಾಳೇನು?"

"ಇಲ್ರಿ, ಆಕಿನ್ನ ಹೊಲಕ್ಕ ಕಳಿಸಿಲ್ಲ."

ಮೇಡಂ ಘಟಕದ ಮನುಷ್ಯನಿಗೆ ಫೋನ್ ಹಚ್ಚಿ, ನನಗೂ ಕೇಳುವ ಹಾಗೆ ಮಾಡಿದರು. ಅವನು ಲೆಕ್ಕದ ಬಹಿ ತೆಗೆದು ನೋಡಿ ಹೇಳಿದ: "ಅವ್ರಿಗೆ ಕೊಟ್ಟಿದ್ದು ಹಳೇ ರಾಶಿದು ಮೇಡಂ. ಒಂದು ಪೂರಾ ಬ್ಯಾಸಗಿ ಒಣಗೇದ, ಆಮ್ಯಾಲೆ ಕಸ ಬೆರೆಸಿ ತಿರುವೀವಿ. ಕೈ ಇಟ್ರ ಸುಡತಿತ್ತು, ಅಷ್ಟು ಕಾದಿತ್ತು. ಹುಳದ ತತ್ತಿ ತಪಾಸ ಮಾಡ್ಸೀವಿ, ಸಾಫ್ ಬಂದದ. ಅದಿಲ್ಲದ ನಾವು ಗೇಟ್ ದಾಟಸಂಗಿಲ್ಲ." ಆಮೇಲೆ ಅವನ ದನಿ ಸಣ್ಣದಾಯಿತು. "ಯಾಕ್ರಿ ಮೇಡಂ, ಏನರ ಆತೇನು?"

"ಏನೂ ಆಗಿಲ್ಲ. ಬದನಿ ನಡುವ ಮೆಂತೆ ಬೆಳದದ" ಅಂದರು ಮೇಡಂ.

"ಅಯ್ಯೋ ದೇವ್ರೆ, ನಮ್ಮ ಮನ್ಯಾಕಿನೂ ಹಂಗ ಚೆಲ್ಲಿರಬೇಕು ನೋಡ್ರಿ, ಮೊದಲು ಕೇಳ್ತೀನಿ" ಅಂದು ಫೋನ್ ಇಟ್ಟ.

ನನಗೆ ಅಲ್ಲಿಯವರೆಗೆ ಹಿಡಿದಿಟ್ಟಿದ್ದ ಉಸಿರಿನ ಅರ್ಧ ಹೊರಗೆ ಬಂತು. ಆದರೂ ಕೇಳಿದೆ: "ಅಷ್ಟೆಲ್ಲಾ ಕಾಸಿ ಒಣಗಿಸಿದ ಮ್ಯಾಲೆ ಹಸಿ ತಿನಬ್ಯಾಡ ಅಂತ ಯಾಕ ಹೇಳ್ತೀರಿ ಮೇಡಂ?"

"ನೀವು ಮನಿ ಬಿಟ್ಟು ಹೋಗುವಾಗ ಕದಕ್ಕ ಚಿಲಕ ಹಾಕಿ ಮ್ಯಾಲ ಕೀಲಿನೂ ಹಾಕ್ತೀರಿಲ್ಲೋ? ಹಂಗ. ಕೀಲಿ ಹಾಕೂದು ಮರತೀರಿ, ಚಿಲಕ ಹಾಕಿತ್ತು. ಇನ್ನ ಮ್ಯಾಲೆ ಮರೀಬ್ಯಾಡ್ರಿ" ಅಂದರು ಮೇಡಂ. "ಸಾಲಿನಾಗಿನ ಮೆಂತೆ ಕುದಿಸಿ ತಿನ್ರಿ, ಹಸಿ ಬ್ಯಾಡ. ಮತ್ತ ಮಗಳನ್ನ ಇವತ್ತೇ ಡಾಕ್ಟರಿಗೆ ತೋರಿಸ್ರಿ. ನಾನು ಮಣ್ಣು ನೋಡಾಕಿ, ಹೊಟ್ಟಿ ನೋಡಾಕಿ ಅಲ್ಲ."

ಏಳುವಾಗ ನೋಡಿದರೆ ಅವರು ರೈತರನ್ನು ಕೇಳುವ ಪ್ರಶ್ನೆಗಳ ಕಾಗದ ತೆಗೆದು 'ಯಾವ ಬೆಳೆ?' ಅನ್ನುವುದರ ಕೆಳಗೆ ಪೆನ್ನಿನಿಂದ 'ಸಾಲಿನ ನಡುವೆ ಏನು?' ಅಂತ ಬರೆಯುತ್ತಿದ್ದರು. "ಗಂಡಸರನ್ನ ಕೇಳಿದ್ರ ಇದು ತಿಳಿಯಂಗಿಲ್ಲ, ಹೆಣ್ಣಮಕ್ಕಳನ್ನ ಕೇಳಬೇಕು" ಅಂದರು. ಯಜಮಾನರು ಗಾಡಿಯ ಕೀಲಿ ತಿರುವುತ್ತ ನೆಲ ನೋಡಿದರು.

ಮನೆಗೆ ಬಂದು ಮಗಳಿಗೆ ಹೇಳಲೇಬೇಕಾಯಿತು. ದವಾಖಾನೆಗೆ ಫೋನ್ ಮಾಡಿದ್ದಕ್ಕೆ, ಬರುವಾಗ ಡಬ್ಬಿಯಲ್ಲಿ ಮಲ ತನ್ನಿ, ತಪಾಸಣೆ ಮಾಡೋಣ ಅಂದಿದ್ದರು. ಯಾಕೆ ಅಂತ ಹೇಳದೆ ಡಬ್ಬಿ ಹೇಗೆ ಕೊಡುವುದು? ಗೊಬ್ಬರದಿಂದ ಹಿಡಿದು ಮೇಡಂ ಮಾತಿನವರೆಗೆ ಎಲ್ಲ ಹೇಳಿದೆ. ಆಕೆಯ ಮುಖ ಬಿಳುಚಿತು. ಕೈ ಹೊಟ್ಟೆಯ ಮೇಲೆ ಹೋಯಿತು. ನಾನು ಡಬ್ಬಿ ಹಿಡಿದುಕೊಂಡೇ ನಿಂತಿದ್ದೆ. ಆಕೆ ಡಬ್ಬಿಯನ್ನು ನೋಡಿ, ನನ್ನನ್ನು ನೋಡಿ ಅಂದಳು: "ಊರ ಮಂದಿದೆಲ್ಲಾ ಹೊಲಕ್ಕ ಹಾಕ್ಸಿದಿ. ಈಗ ನಂದು ಡಬ್ಬಿಗೆ ಹಾಕಂತೀ. ಎಲ್ಲೀತನಕ ನಿನ್ನ ಗೊಬ್ಬರದ ಹುಚ್ಚು, ಯವ್ವಾ?"

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇಬ್ಬರೂ ನಕ್ಕೆವು. ಆಕೆ ನಗುತ್ತಲೇ ಕಣ್ಣು ಒರೆಸಿಕೊಂಡು ಹಿತ್ತಲಕ್ಕೆ ಹೋದಳು.

ಲೇಡಿ ಡಾಕ್ಟರು ಮೊದಲು ನನ್ನ ಮುಖ ನೋಡಿ "ಬಿ.ಪಿ. ನಿಮ್ದು ನೋಡಲೇನು, ಆಕಿದು ನೋಡಲೇನು?" ಅಂದರು. ಮಗಳನ್ನು ಮಲಗಿಸಿ ಹೊಟ್ಟೆ ಮುಟ್ಟಿ ನೋಡಿದರು. ಜ್ವರ ಬಂದಿತ್ತಾ, ಭೇದಿ ಆಗಿತ್ತಾ, ಕೂಸು ಆಡುತ್ತದಾ ಅಂತ ಕೇಳಿದರು. ಜ್ವರ ಇಲ್ಲ, ಭೇದಿ ಇಲ್ಲ, ಕೂಸು ನಿಲ್ಲದೆ ಒದೆಯುತ್ತದೆ. ಆಮೇಲೆ ಸಣ್ಣ ಯಂತ್ರ ಹೊಟ್ಟೆಗೆ ಒತ್ತಿದರು. ಓಡುವ ಕುದುರೆಯ ಹಾಗೆ ದಡದಡ ಶಬ್ದ ಕೋಣೆ ತುಂಬ ಕೇಳಿಸಿತು. ಹೋದ ವರ್ಷದ ಬಸಿರಿನಲ್ಲಿ ಇದೇ ಕೋಣೆಯಲ್ಲಿ ಆ ಯಂತ್ರ ಸುಮ್ಮನೆ ಸರಸರ ಅಂದಿತ್ತು. ಮಗಳು ನನ್ನ ಕೈ ಹಿಡಿದಳು. ಇಬ್ಬರಿಗೂ ಅದೇ ನೆನಪಾಗಿತ್ತು.

ಡಬ್ಬಿಯ ಜೊತೆ ರಕ್ತವನ್ನೂ ತಪಾಸಣೆಗೆ ಕೊಟ್ಟೆವು, ಚೀಟಿ ಬರುವುದಕ್ಕೆ ಎರಡು ತಾಸು. ಹೊರಗಿನ ಬೆಂಚಿನ ಮೇಲೆ ಕೂತೆವು. ಎದುರಿಗೆ ಒಬ್ಬಾಕೆ ಗಾಡಿಯಲ್ಲಿ ಮೂಲಂಗಿ, ಉಳ್ಳಾಗಡ್ಡಿ ತಪ್ಪಲು ಮಾರುತ್ತಿದ್ದಳು. ಮಗಳು ಅತ್ತ ನೋಡಿ, ನನ್ನನ್ನು ನೋಡಿ "ನೋಡಾಕತ್ತೀನಿ ಅಷ್ಟ. ನೋಡಿದ್ರ ಏನೂ ಆಗಂಗಿಲ್ಲಲಾ?" ಅಂದಳು. ಬಾಳೆಹಣ್ಣು ತಂದುಕೊಟ್ಟೆ. ಸಿಪ್ಪೆ ಸುಲಿದು ತಿನ್ನುವ ಹಣ್ಣಿನ ಮೇಲೆ ಆ ದಿನ ನನಗೆ ಎಲ್ಲಿಲ್ಲದ ಭಕ್ತಿ ಬಂದಿತ್ತು. ಯಜಮಾನರು ಮೂರು ಸಲ ಎದ್ದು ಹೋಗಿ ಚೀಟಿ ಬಂತಾ ಅಂತ ಕೇಳಿಬಂದರು. ನಾಲ್ಕನೇ ಸಲ ನರ್ಸಮ್ಮ "ಅಜ್ಜಾರ, ನೀವು ಕೂತ್ರ ಲಗೂನ ಬರ್ತದ" ಅಂದಳು. ಅವರನ್ನು ಅಜ್ಜ ಅಂತ ಯಾರೋ ಕರೆದದ್ದು ಅದೇ ಮೊದಲು. ಸುಮ್ಮನೆ ಬಂದು ಕೂತರು, ಮೀಸೆಯೊಳಗೆ ನಗು ಇತ್ತು.

ಚೀಟಿ ಬಂತು. ಹುಳ ಇಲ್ಲ, ತತ್ತಿ ಇಲ್ಲ, ಏನೂ ಇಲ್ಲ. ಡಾಕ್ಟರು ರಕ್ತದ ಚೀಟಿಯನ್ನೂ ಮಗಳ ತಾಯಿ ಕಾರ್ಡಿನ ಮಗ್ಗುಲಿಗೆ ಹಿಡಿದು ಓದಿದರು. "ಹೋದ ತಿಂಗಳಕ್ಕಿಂತ ರಕ್ತ ಚಲೋ ಏರೇದ. ಗುಳಿಗಿ ಬರೋಬ್ಬರಿ ತಗೊಂಡೀ ಅಂತ ಕಾಣ್ತದ. ಮತ್ತೇನು ತಿನ್ನಾಕತ್ತೀ?"

"ಮೆಂತೆ ರೀ" ಅಂದಳು ಮಗಳು, ತಲೆ ತಗ್ಗಿಸಿ.

ಡಾಕ್ಟರು ಜೋರಾಗಿ ನಕ್ಕರು. "ಪಲ್ಯ ಬಿಡಬ್ಯಾಡ. ಬೇಯಿಸಿ ತಿನ್ನು. ಒಂದು ವಾರ ಜ್ವರ, ಭೇದಿ ಕಡೆ ಲಕ್ಷ್ಯ ಇರಲಿ, ಏನರ ಆದ್ರ ಸೀದಾ ಬಾ. ನನಗ ಫಿಕರ್ ಮಾಡೋ ಹಂಗ ಏನೂ ಕಾಣಂಗಿಲ್ಲ." ಆಮೇಲೆ ನನ್ನ ಕಡೆ ತಿರುಗಿ "ನೀವು ಏನರ ತಿಂದೀರೇನು ಬೆಳಿಗ್ಗಿಂದ?" ಅಂದರು. ಆಗ ನೆನಪಾಯಿತು, ತಿಂದಿರಲಿಲ್ಲ.

ಮನೆಗೆ ಬಂದಾಗ ಹೊತ್ತು ಇಳಿದಿತ್ತು. ಅತ್ತೆ ಬೆಳಿಗ್ಗೆ ಕೂತ ಕಟ್ಟೆಯ ಮೇಲೆಯೇ ಇದ್ದರು. ನೀರು ಬಿಟ್ಟು ಏನೂ ಮುಟ್ಟಿಲ್ಲ ಅಂತ ಮಗ್ಗುಲಿನ ಆರಿದ ಚಹಾದ ಕಪ್ಪು ಹೇಳುತ್ತಿತ್ತು. ಮಗಳು ನಾನು ಬಾಯಿ ತೆರೆಯುವ ಮೊದಲೇ ಹೋಗಿ ಅಜ್ಜಿಯ ಕೈ ತೆಗೆದು ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡಳು. "ಆಯಿ, ಎಲ್ಲಾ ಸಾಫ್ ಅದ. ಒಂದು ಹುಳನೂ ಇಲ್ಲ. ಬೇಕಾರ ಚೀಟಿ ನೋಡು."

ಅತ್ತೆಗೆ ಓದಲು ಬರುವುದಿಲ್ಲ. ಆದರೂ ಚೀಟಿ ಇಸಿದುಕೊಂಡು, ತಿರುವಿ ಹಿಂದೆ ಮುಂದೆ ನೋಡಿದರು. ಒಳಗಿನಿಂದ ಕೂಸು ಒದ್ದಿರಬೇಕು, ಅವರ ಕೈ ಒಮ್ಮೆ ಎದ್ದು ಕೂತಿತು. "ಏ ಕಳ್ಳ" ಅಂದರು ಹೊಟ್ಟೆಗೆ. ಆಮೇಲೆ ನನ್ನ ಕಡೆ ನೋಡಿ "ನಿಂತೀ ಯಾಕ? ಊಟಕ್ಕ ಹಾಕು. ಹಸದು ಕಣ್ಣು ಕತ್ತಲಿ ಬರಾಕತ್ತದ" ಅಂದರು.

"ಬೆಳಿಗ್ಗೆ ಕರದ್ರ ಬರಲಿಲ್ಲಲ್ಲ ಅತ್ತೀ, ಈಗ ನಂದು ತಪ್ಪೇನು?"

"ನಿಂದ. ಕರದ್ರ ಸಾಕೇನು? ಜಬರದಸ್ತಿ ಮಾಡಿ ಉಣಿಸಬೇಕಿತ್ತು."

ಬೆಳಗಿನಿಂದ ಯಾರೂ ನನ್ನನ್ನು ಬೈದಿರಲಿಲ್ಲ. ಆ ಬೈಗುಳ ಕಿವಿಗೆ ಬಿದ್ದ ಮೇಲೆ ಉಳಿದರ್ಧ ಉಸಿರೂ ಹೊರಗೆ ಬಂತು. ಸೆರಗು ಸಿಕ್ಕಿಸಿಕೊಂಡು ಒಳಗೆ ಹೋದೆ.

ಒಲೆ ಹೊತ್ತಿಸುವಾಗ ಅತ್ತೆ ಬಾಗಿಲಲ್ಲಿ ಕೂತು ಮುಂದಿನ ವ್ಯವಸ್ಥೆ ಹೇಳುತ್ತಿದ್ದರು. ನಾಳೆ ಯಜಮಾನರನ್ನು ಕಳಿಸಿ ಹೊಲದ ಮೆಂತೆ ಒಂದೂ ಬಿಡದೆ ಕೀಳಿಸಬೇಕು, ಅದು ಬೇಯಿಸುವುದಕ್ಕೆ. ಹಿತ್ತಲದ ಕಣಗಿಲೆ ಗಿಡದ ಮಗ್ಗುಲಲ್ಲಿ ಒಂದು ಮಡಿ ಮಾಡಬೇಕು. ಅದಕ್ಕೆ ನಮ್ಮ ಎಮ್ಮೆಯ ಹಳೇ ತಿಪ್ಪೆಯ ಮಣ್ಣು, ಅದೂ ಚೆನ್ನಾಗಿ ಮಾಗಿದ್ದು. ತಾವೇ ಬೀಜ ಹಾಕುವುದು. ಯಜಮಾನರು ಎರಡನೇ ಟ್ರ್ಯಾಲಿ ಬೇಡ ಅನ್ನಲೇನು ಅಂತ ಕೇಳಿದರು. "ಯಾಕ ಬ್ಯಾಡ? ಬದನಿ ಕಂಡೀಲ್ಲೋ ನೀನು?" ಅಂದರು ಅತ್ತೆ. "ಟಮಾಟಿ ಬ್ಯಾಡ, ಅದನ್ನ ಹುಡುಗ್ರು ಹಸೀದ ಕಡೀತಾವ. ಆ ಮಡಿಗೂ ಬದನಿ ಹಾಕು. ನಡುವ ನಾನು ಕೈ ಹಾಕಂಗಿಲ್ಲ. ಆ ಮೇಡಂಗ ಹೋಗಿ ಹೇಳು."

ರೊಟ್ಟಿ ಬಡಿಯುವಷ್ಟು ಶಕ್ತಿ ನನ್ನ ತೋಳಲ್ಲಿ ಇರಲಿಲ್ಲ. ಜೋಳದ ನುಚ್ಚು ಬೇಯಿಸಿದೆ, ತೊಗರಿಬೇಳೆ ಕಟ್ಟು ಮಾಡಿದೆ, ಒಗ್ಗರಣೆಗೆ ಬೆಳ್ಳುಳ್ಳಿ ಜಾಸ್ತಿ ಹಾಕಿದೆ. ಮಜ್ಜಿಗೆ ಇತ್ತು. ಬೆಳಗಿನ ಉಳಿದ ರೊಟ್ಟಿಗಳನ್ನು ಯಜಮಾನರು ಹಿಂಡಿ ಹಚ್ಚಿಕೊಂಡು ಮುಗಿಸಿದರು. ಅತ್ತೆ ಎರಡು ಸಲ ನುಚ್ಚು ಹಾಕಿಸಿಕೊಂಡರು. ಮಗಳು ಮೂರು ಸಲ.

ನಮ್ಮ ಮನೆಯಲ್ಲಿ ದಿನಾ ಎಲ್ಲರಿಗಿಂತ ಕಡೆಗೆ ಮಲಗುವವಳು ನಾನು. ಅಂದು ತಾಟು ತೊಳೆದು ಇಟ್ಟು, ಒಂದು ಗಳಿಗೆ ಬೆನ್ನು ಚಾಚುತ್ತೇನೆ ಅಂತ ಮಗಳ ಚಾಪೆಯ ಅಂಚಿಗೆ ಒರಗಿದ್ದಷ್ಟೇ ನೆನಪು. ಎಂಟು ಗಂಟೆಯೂ ಆಗಿರಲಿಲ್ಲವಂತೆ. ಎಬ್ಬಿಸಲು ಬಂದ ಮಗಳನ್ನು ತಡೆದು, ಅತ್ತೆಯೇ ಕೌದಿ ಹೊಚ್ಚಿ ದೀಪ ಆರಿಸಿದರಂತೆ.